ಗೇಮಿನ ಫಾಸಿಲ್, ಗುಡ್ಡದ ಫಾಸಿಲ್

ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮದವರು ಫೋನ್ ಮಾಡಿ "ಡೈನೋಸಾರ್ ಬಗ್ಗೆ ಮಾತಾಡಿ ಸಾರ್" ಅಂದರು. ನಾನು ಭೂವಿಜ್ಞಾನಿ ಅಲ್ಲ. ವಾರವಿಡೀ ಆಫೀಸಿನಲ್ಲಿ ಲೆಕ್ಕ ನೋಡುವವನು. ರಜೆ ಸಿಕ್ಕರೆ ಫಾಸಿಲ್, ಅಂದರೆ ಪಳೆಯುಳಿಕೆ ಹುಚ್ಚು, ರಾತ್ರಿ ಊಟ ಆದ ಮೇಲೆ ವಿಡಿಯೋ ಗೇಮ್ ಹುಚ್ಚು. ಡೈನೋಸಾರ್ ಕೊನೆಗೆ ಬರುತ್ತದೆ, ಅದೂ ಪುಡಿಪುಡಿಯಾಗಿ.

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಫಾಸಿಲ್ ಹುಡುಕುವವರಿಗೆ ಕರ್ನಾಟಕ ಅಂಥ ಒಳ್ಳೆ ಜಾಗವಲ್ಲ. ನಮ್ಮ ಕಲ್ಲು ತೀರಾ ಹಳೇದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಚಿಪ್ಪು, ಎಲುಬು ಇರುವ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡಿದ್ದು ಸುಮಾರು 54 ಕೋಟಿ ವರ್ಷದ ಈಚೆಗೆ. ಆ ಬಂಡೆಯ ಮೇಲೆ ಶಂಖ ಹುಡುಕಿದರೆ ಕಡಲೆಕಾಯಿ ಸಿಪ್ಪೆ ಸಿಗುತ್ತದೆ, ಅಷ್ಟೇ. ತುಮಕೂರು ಜಿಲ್ಲೆಯ ದೊಡ್ಡಗುಣಿ ಕಡೆ ಸ್ಟ್ರೊಮಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿ ಹೋದ ಕಲ್ಲು ಅವು, ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ನನಗಂತೂ ತುಂಬಾ ಇಷ್ಟ. ಮನೆಯವರಿಗೆ ಫೋಟೋ ತೋರಿಸಿದರೆ "ಇದರಲ್ಲಿ ಏನಿದೆ ನೋಡೋಕೆ?" ಅಂತಾರೆ.

ಅದಕ್ಕೇ ನಾವು ಗಂಟುಮೂಟೆ ಕಟ್ಟಿಕೊಂಡು ತಮಿಳುನಾಡಿಗೆ ಹೋಗೋದು. ತಿರುಚ್ಚಿಯ ಆಚೆ ಅರಿಯಲೂರು, ಪೆರಂಬಲೂರು. ಸುಮಾರು 10 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತು. 1840ರ ದಶಕದಲ್ಲೇ ಕೇ ಮತ್ತು ಕನ್‌ಲಿಫ್ ಎಂಬ ಇಬ್ಬರು ಆ ಕಡೆ ಚಿಪ್ಪುಗಳನ್ನು ಆರಿಸಿದ್ದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ನಿಸರ್ಗವಿಜ್ಞಾನಿ ಅವುಗಳ ಬಗ್ಗೆ ವಿವರವಾಗಿ ಬರೆದರು.

ಕಾರೈ ಅನ್ನೋ ಊರಿನ ಹತ್ತಿರ ನೆಲವೆಲ್ಲ ಕೊರಕಲು. ಜೇಡಿಮಣ್ಣಿನ ದಿಬ್ಬಗಳು, ನಡುನಡುವೆ ಜಿಪ್ಸಂ ಪಟ್ಟಿ. ಮರ ಇಲ್ಲ, ನೆರಳಿಲ್ಲ. ಬೇಸಿಗೆಯಲ್ಲಿ ಹೋದರೆ ಸುಟ್ಟುಹೋಗ್ತೀರಿ. ಮಳೆಗಾಲ ಮುಗಿದ ಮೇಲೆ ಹೋಗಬೇಕು. ಮಳೆ ಮಣ್ಣು ತೊಳೆದಿರುತ್ತದೆ, ಅಗೆಯುವ ಕೆಲಸವೇ ಇರೋದಿಲ್ಲ. ತಲೆ ಬಗ್ಗಿಸಿ ನಡೆಯೋದು, ಅಷ್ಟೇ. ಬೆಳಗಿನ ಓರೆ ಬಿಸಿಲು ಒಳ್ಳೇದು, ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ. ಮೊದಲು ಕಣ್ಣಿಗೆ ಬೀಳೋದು ಬೆಲೆಮ್ನೈಟ್. ಸ್ಕ್ವಿಡ್ಡಿನ ಹಳೇ ನೆಂಟ ಅದು. ಮೆತ್ತಗಿನ ಮೈ ಕೊಳೆತು ಹೋಗಿ ಒಳಗಿನ ಗಟ್ಟಿ ಭಾಗ ಮಾತ್ರ ಬಂದೂಕಿನ ಗುಂಡಿನ ಹಾಗೆ ಉಳಿದಿರುತ್ತದೆ. ಅಮೊನೈಟ್, ಅಂದರೆ ಸುರುಳಿ ಚಿಪ್ಪಿನ ಹಳೇ ಕಡಲಜೀವಿ, ಸಿಕ್ಕರೆ ಅವತ್ತು ಹಬ್ಬ. ಇಡೀ ಸುರುಳಿ ಸಿಗೋದು ಅಪರೂಪ, ಹೆಬ್ಬೆರಳಿನಷ್ಟು ತುಂಡೇ ಜಾಸ್ತಿ. ಅದಕ್ಕೆ ಸ್ವಲ್ಪ ನೀರು ಸವರಿ ಲೆನ್ಸ್ ಹಿಡಿಯಿರಿ. ಅಂಕುಡೊಂಕಾದ ಗೆರೆಗಳು ಕಾಣುತ್ತವೆ. ಚಿಪ್ಪಿನೊಳಗೆ ಕೋಣೆ ಕೋಣೆ ಇತ್ತಲ್ಲ, ಆ ಗೋಡೆಗಳು ಹೊರಚಿಪ್ಪಿಗೆ ಸೇರಿದ ಗುರುತು ಅದು. ಆ ಗೆರೆ ನೋಡಿಯೇ ಯಾವ ಗುಂಪಿನದು ಅಂತ ಬಲ್ಲವರು ಹೇಳುತ್ತಾರೆ.

ಇಲ್ಲಿಗೆ ಮಜಾ ಮುಗಿಯಿತು, ಇನ್ನು ಗುಮಾಸ್ತೆ ಕೆಲಸ. ಎತ್ತುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ. ಜಿಪಿಎಸ್ ಗುರುತು. ಯಾವ ಪದರದ ಮಣ್ಣು, ಅದರಲ್ಲೇ ಸಿಕ್ಕಿದ್ದಾ, ಮೇಲಿಂದ ಉರುಳಿ ಬಂದಿದ್ದಾ? ಎಲ್ಲ ಪುಸ್ತಕಕ್ಕೆ ಹೋಗಬೇಕು. ಎಷ್ಟೋ ಸಲ ಫೋಟೋ ತೆಗೆದು ಕಲ್ಲನ್ನು ಅಲ್ಲೇ ಬಿಡುವುದೇ ಸರಿ. ಯಾರೋ "ತಮಿಳುನಾಡಲ್ಲಿ ಸಿಕ್ತು" ಅಂತ ಒಂದು ಅಮೊನೈಟ್ ಕೈಗೆ ಕೊಟ್ಟರೆ ನನಗೆ ಸಂಕಟ ಆಗುತ್ತದೆ. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಫಾಸಿಲ್ ಶೋಕೇಸಿಗೆ ಸರಿ, ಬೇರೆ ಯಾವ ಕೆಲಸಕ್ಕೂ ಬರೋದಿಲ್ಲ.

ಗೇಮಿನ ಮೇಲೆ ನನ್ನ ತಕರಾರೂ ಇದೇ. ಆನಿಮಲ್ ಕ್ರಾಸಿಂಗ್ ಆಡಿದ್ದೀರಾ? ನೆಲದಲ್ಲಿ ನಕ್ಷತ್ರದ ಆಕಾರದ ಬಿರುಕು ಕಂಡಲ್ಲಿ ಅಗೆದರೆ ಫಾಸಿಲ್ ಸಿಗುತ್ತದೆ. ಮ್ಯೂಸಿಯಂನ ಗೂಬೆ ಅದು ಏನು ಅಂತ ಹೇಳಿಬಿಡುತ್ತದೆ. ಎಲ್ಲಿ ಅಗೆದಿರಿ ಅಂತ ಆ ಗೂಬೆ ಕೇಳೋದಿಲ್ಲ! ಆದರೂ ಆಡುತ್ತೇನೆ. ಕಾರೈನಲ್ಲಿ ದಿನವಿಡೀ ಬರಿಗೈಯಲ್ಲಿ ಅಲೆದವನಿಗೆ, ಅಗೆದಾಗೆಲ್ಲ ಸಿಗುವ ಸುಖ ಏನು ಅಂತ ಗೊತ್ತು. ಮೈನ್‌ಕ್ರಾಫ್ಟ್ ಸ್ವಲ್ಪ ವಾಸಿ. 2023ರಲ್ಲಿ ಅದಕ್ಕೆ ಒಂದು ಬ್ರಷ್ ಬಂತು. ಒಳಗೆ ಏನೋ ಅಡಗಿರುವ "ಅನುಮಾನದ ಮರಳು" ಅಂತ ಆ ಗೇಮಿನಲ್ಲಿ ಒಂದಿದೆ, ಅದನ್ನು ಬ್ರಷ್ಷಿನಿಂದ ನಿಧಾನವಾಗಿ ಉಜ್ಜಬೇಕು. ಅವಸರ ಮಾಡಿ ಸಲಿಕೆ ಹಾಕಿದರೆ ಒಳಗಿನ ವಸ್ತು ಮಾಯ. ಆ ಪಾಠ ಸರಿಯಾಗಿದೆ.

ಅಕ್ಕನ ಮಗ ಪೋಕೆಮಾನ್ ಆಡುತ್ತಾನೆ. 1996ರ ಮೊದಲ ಗೇಮಿನಿಂದಲೇ ಅದರಲ್ಲಿ ಹೀಲಿಕ್ಸ್ ಫಾಸಿಲ್ ಅಂತ ಒಂದಿದೆ, ಸುರುಳಿ ಸುರುಳಿಯಾಗಿ, ಅಮೊನೈಟ್ ಥರವೇ. ಅವನು ದೇವರ ಮನೆಯಲ್ಲಿ ಸಾಲಿಗ್ರಾಮ ನೋಡಿ "ಮಾಮ, ಹೀಲಿಕ್ಸ್ ಫಾಸಿಲ್!" ಅಂತ ಕೂಗಿದ. ನಮ್ಮಮ್ಮ "ಕೈ ತೊಳೆದುಕೊಂಡು ಬಾರೋ ಮೊದಲು" ಅಂದರು. ಹುಡುಗ ಹೇಳಿದ್ದು ತಪ್ಪಲ್ಲ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದ ಚಕ್ರ ಅಮೊನೈಟಿನದೇ. ಅಮ್ಮ ಹೇಳಿದ್ದೂ ತಪ್ಪಲ್ಲ.

ಈಗ ಡೈನೋಸಾರ್. ಅರಿಯಲೂರಿನ ಕಡೆಯೇ ಕಲ್ಲಮೇಡು ಅಂತ ಊರಿದೆ. ಅಲ್ಲಿ ಸಿಕ್ಕ ಭಾರಿ ಎಲುಬುಗಳಿಗೆ 1987ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಇಬ್ಬರು ವಿಜ್ಞಾನಿಗಳು ಬೃಹತ್ಕಾಯೊಸಾರಸ್ ಅಂತ ಹೆಸರಿಟ್ಟರು. ಮೊಣಕಾಲಿನ ಕೆಳಗಿನ ಎಲುಬೇ ಸುಮಾರು 2 ಮೀಟರ್ ಅಂತ ಬರೆದರು. ಅಷ್ಟು ಉದ್ದ ಅಂದರೆ ಪ್ರಪಂಚದ ಅತಿ ದೊಡ್ಡ ಡೈನೋಸಾರ್‌ಗಳ ಸಾಲಿಗೆ ಸೇರುತ್ತದೆ. ಆದರೆ ಎಲುಬು ಮೊದಲೇ ಸಡಿಲವಾಗಿತ್ತು, ಉಳಿಯಲಿಲ್ಲ, ಪುಡಿಯಾಗಿ ಹೋಯಿತು. ಅದು ಎಲುಬೇ ಅಲ್ಲ, ಕಲ್ಲಾದ ಮರ ಇರಬೇಕು ಅಂದವರೂ ಇದ್ದರು. ಕೊನೆಗೆ 2022ರಲ್ಲಿ ಹಳೇ ಫೋಟೋಗಳು ಪ್ರಕಟವಾದವು. ಇವತ್ತು ಆ ಪ್ರಾಣಿಯ ಬಗ್ಗೆ ಯಾರಾದರೂ ವಾದ ಮಾಡಬೇಕಿದ್ದರೆ ಕೈಯಲ್ಲಿರೋದು ಆ ಫೋಟೋ, ಚಿತ್ರ, ಅಳತೆ, ಅಷ್ಟೇ. ಅವತ್ತು ಅಲ್ಲೇ ನಿಂತು ಬರೆದುಕೊಳ್ಳದೇ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ, ಅಲ್ವಾ?

ಆ ಕಡೆ ಹೋಗುವ ಯೋಚನೆ ಇದ್ದವರು ವಾರಣವಾಸಿಯ ಫಾಸಿಲ್ ಮ್ಯೂಸಿಯಂಗೆ ಮೊದಲು ಹೋಗಿ. ಏನು ಹುಡುಕುತ್ತಿದ್ದೀರಿ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರ ಮಲಗಿದೆ, ನೋಡಿ ಬನ್ನಿ, ಚೂರು ಮುರಿದು ತರಬೇಡಿ. ನೀರು ಜಾಸ್ತಿ ಇಟ್ಟುಕೊಳ್ಳಿ. ಪ್ರಶ್ನೆ ಇದ್ದರೆ ಕೇಳಿ. ಮುಂದಿನ ಸಾಲಿನ ಆ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ, ಮೈಕ್ ಮೊದಲು ಅವಳಿಗೆ ಕೊಡಿ.