ಮನೆಯ ಕ್ಯಾಮೆರಾ, ಮನೆಯಲ್ಲೇ ರೆಕಾರ್ಡಿಂಗ್

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಈಗ ಅಡಿಕೆ ಒಣಹಾಕಿದ ಅಂಗಳದ ಮೂಲೆಯಲ್ಲಿ ಕ್ಯಾಮೆರಾ ಕಾಣುವುದು ಹೊಸತೇನಲ್ಲ. ಮೈಸೂರು, ಧಾರವಾಡದ ಕಡೆ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಲ್ಲೂ ಗೇಟಿಗೆ ಒಂದು, ಹಿತ್ತಲಿಗೆ ಒಂದು ಹಾಕಿಸಿರುತ್ತಾರೆ. ಮಗನೋ ಮಗಳೋ ದುಬೈಯಲ್ಲೋ ಅಮೆರಿಕದಲ್ಲೋ ಕೂತು ಮೊಬೈಲಿನಲ್ಲಿ ನೋಡುತ್ತಾರೆ. ಒಳ್ಳೆಯದೇ. ಆದರೆ ಕೊಳ್ಳುವಾಗ ನಾವು ಎಷ್ಟು ಮೆಗಾಪಿಕ್ಸೆಲ್, ರಾತ್ರಿ ಚೆನ್ನಾಗಿ ಕಾಣುತ್ತಾ, ಅಷ್ಟು ಕೇಳಿ ಸುಮ್ಮನಾಗುತ್ತೇವೆ. ರೆಕಾರ್ಡ್ ಆದದ್ದು ಎಲ್ಲಿ ಉಳಿಯುತ್ತದೆ, ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಅದನ್ನೇ ಮೊದಲು ಕೇಳಬೇಕು ಅನ್ನೋದು ನನ್ನ ಮಾತು.

ಎಷ್ಟೋ ಕಂಪನಿಗಳ ಲೆಕ್ಕ ಹೀಗಿದೆ. ಕ್ಯಾಮೆರಾ ಅಗ್ಗಕ್ಕೆ ಕೊಡುತ್ತಾರೆ. ಮೊದಲ ಕೆಲವು ವಾರ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ವಿಡಿಯೋ ಇಡುವ ಸೇವೆ, ಉಚಿತ. ಆಮೇಲೆ ತಿಂಗಳಿಗಿಷ್ಟು ಚಂದಾ. ಕಟ್ಟದಿದ್ದರೆ ಈಗ ನಡೆಯುತ್ತಿರುವುದು ಕಾಣುತ್ತದೆ, ನಿನ್ನೆ ರಾತ್ರಿ ನಡೆದದ್ದು ಕಾಣುವುದಿಲ್ಲ. ಅಮೆರಿಕದಲ್ಲಿ ಮನೆಮಾತಾಗಿರುವ ರಿಂಗ್ ಕ್ಯಾಮೆರಾಗಳ ಕ್ರಮ ಇದೇ. ಕಳ್ಳ ಬಂದಾಗ ನಾವು ಮೊಬೈಲ್ ನೋಡುತ್ತಾ ಎದ್ದಿರುತ್ತೇವಾ? ನಮಗೆ ಬೇಕಾಗಿರುವುದೇ ನಿನ್ನೆಯ ವಿಡಿಯೋ.

ಚಂದಾ ಕಟ್ಟಿದರೂ ಕ್ಯಾಮೆರಾದ ಆಯಸ್ಸು ಕಂಪನಿಯ ಮನಸ್ಸಿನ ಮೇಲೆ ನಿಂತಿರುತ್ತದೆ. ಡ್ರಾಪ್‌ಕ್ಯಾಮ್ ಎಂಬ ಕ್ಯಾಮೆರಾ ಇತ್ತು. ಗೂಗಲ್‌ಗೆ ಸೇರಿದ ನೆಸ್ಟ್ ಅದನ್ನು 2014ರಲ್ಲಿ ಕೊಂಡುಕೊಂಡಿತು. 2024ರ ಏಪ್ರಿಲ್ 8ಕ್ಕೆ ಅದರ ಸರ್ವರ್ ಸೇವೆ ನಿಂತಿತು. ಲೆನ್ಸ್ ಸರಿಯಿದ್ದ ಕ್ಯಾಮೆರಾಗಳೂ ಅವತ್ತಿಗೆ ಸುಮ್ನೆ ಗೋಡೆಯ ಮೇಲಿನ ಪ್ಲಾಸ್ಟಿಕ್ ಆದವು.

ಇನ್ನು ನಮ್ಮ ಮನೆಯೊಳಗಿನ ವಿಡಿಯೋ ಬೇರೆಯವರು ನೋಡುವ ವಿಷಯ. ರಿಂಗ್ ಕಂಪನಿಯ ಸಿಬ್ಬಂದಿಗೆ ಗ್ರಾಹಕರ ಖಾಸಗಿ ವಿಡಿಯೋ ನೋಡಲು ಅವಕಾಶ ಇತ್ತು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ದೂರು ಹಾಕಿತು. ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. 2024ರ ಫೆಬ್ರುವರಿಯಲ್ಲಿ ವೈಜ್ ಎಂಬ ಕ್ಯಾಮೆರಾ ಕಂಪನಿಯ ಸುಮಾರು 13,000 ಗ್ರಾಹಕರ ಆ್ಯಪ್‌ಗೆ ಬೇರೆಯವರ ಮನೆಯ ಚಿತ್ರಗಳು ಬಂದವು. ಹಾಲ್, ಮಲಗುವ ಕೋಣೆ, ಮಕ್ಕಳು ಆಡುವ ಜಾಗ ಎಲ್ಲ ಕಾಣುವ ಕ್ಯಾಮೆರಾ ಇದು. ಮನೆಯೊಳಗಿನ ಕ್ಯಾಮೆರಾಕ್ಕೆ ಕ್ಲೌಡ್ ಬೇಡವೇ ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಾದರೆ ಎಲ್ಲಿಡುವುದು? ಒಂದೆರಡು ಕ್ಯಾಮೆರಾ ಇದ್ದರೆ ಅದರೊಳಗೇ ಮೆಮೊರಿ ಕಾರ್ಡ್ ಸಾಕು. ಸಾಧಾರಣ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿಗೆ ಐದಾರು ದಿನ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ಹೀಗೆ ಹಗಲೂ ರಾತ್ರಿ ಬರೆದು ಬರೆದು ಮಾಮೂಲಿ ಕಾರ್ಡ್ ಬೇಗ ಸವೆಯುತ್ತದೆ. ಹೈ ಎಂಡ್ಯೂರೆನ್ಸ್ ಎಂದು ಬರೆದಿರುವ ಕಾರ್ಡನ್ನೇ ಕೇಳಿ ತಗೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬೇಕಾದ ದಿನ ಕೈಕೊಡುವ ಭಯ ಕಡಿಮೆ.

ನಾಲ್ಕು ಕ್ಯಾಮೆರಾ ಆದರೆ ಎಲ್ಲದರ ವಿಡಿಯೋ ಒಟ್ಟಿಗೆ ರೆಕಾರ್ಡ್ ಮಾಡುವ ಎನ್‌ವಿಆರ್ ಪೆಟ್ಟಿಗೆಯೇ ಸರಿ. ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ. ಅದೇ ಲೆಕ್ಕ ಹಿಡಿದರೆ ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ 86 ಜಿಬಿ, 1 ಟಿಬಿ ಡಿಸ್ಕಿಗೆ ಹನ್ನೊಂದು ದಿನ. ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಜನ ಹೆಚ್ಚು ಸೇರುವ ಜಾಗಗಳಿಗೆ 30 ದಿನದ ವಿಡಿಯೋ ಇಡಬೇಕು ಎನ್ನುತ್ತದೆ. ಮನೆಗೆ ಆ ಕಟ್ಟುಪಾಡಿಲ್ಲ. ಆದರೂ ಮನೆಗೆ ಬೀಗ ಹಾಕಿ ಎರಡು ವಾರ ಮಗಳ ಬಾಣಂತನಕ್ಕೆ ಹೋದವರಿಗೆ ಹನ್ನೊಂದು ದಿನ ಸಾಲದು, ಅಲ್ವಾ? 2 ಟಿಬಿ ಹಾಕಿಸಿ. ವಿಡಿಯೋವನ್ನು ಚಿಕ್ಕದು ಮಾಡಿ ಉಳಿಸುವ ಎಚ್.265 ಎಂಬ ಸೆಟ್ಟಿಂಗ್ ಇದ್ದರೆ ಆನ್ ಮಾಡಿಸಿ, ಹೆಚ್ಚು ಕಡಿಮೆ ಅರ್ಧ ಜಾಗ ಉಳಿಯುತ್ತದೆ. ಕ್ಯಾಮೆರಾ ಓಎನ್‌ವಿಐಎಫ್ ಎಂಬ ಮಾನದಂಡಕ್ಕೆ ಹೊಂದುವುದಾ ಎಂದೂ ಕೇಳಿ. ಹೊಂದಿದರೆ ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಜೋಡಿಸಬಹುದು. ಕಂಪ್ಯೂಟರ್ ಗೊತ್ತಿರುವ ಹುಡುಗರು ಮನೆಯಲ್ಲಿದ್ದರೆ ಫ್ರಿಗೇಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಬಂದದ್ದು ಮನುಷ್ಯನಾ ನಾಯಿಯಾ ಅನ್ನೋದನ್ನೂ ಅದು ಮನೆಯ ಕಂಪ್ಯೂಟರಿನಲ್ಲೇ ಗುರುತಿಸುತ್ತದೆ.

ಡಬ್ಬದ ಮೇಲೆ ಲೋಕಲ್ ಸ್ಟೋರೇಜ್ ಎಂದು ಬರೆದಿದ್ದರೆ ನಂಬಿಬಿಡಬೇಡಿ. ಯೂಫಿ ಕ್ಯಾಮೆರಾಗಳು ಎಲ್ಲವೂ ಮನೆಯಲ್ಲೇ ಉಳಿಯುತ್ತದೆ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದ್ದವು. ಮೊಬೈಲಿಗೆ ಬರುವ ಸೂಚನೆಯ ಜೊತೆಗಿನ ಚಿಕ್ಕ ಚಿತ್ರಗಳು ಕ್ಲೌಡ್‌ಗೆ ಹೋಗುತ್ತಿದ್ದದ್ದು 2022ರ ಕೊನೆಗೆ ಹೊರಬಿತ್ತು. ನೀವೇ ಒಂದು ಪರೀಕ್ಷೆ ಮಾಡಿ. ವೈಫೈ ಆನ್ ಇರಲಿ, ರೂಟರಿಗೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತುಬಿಡಿ. ಅರ್ಧ ಗಂಟೆ ಬಿಟ್ಟು, ಆ ಅರ್ಧ ಗಂಟೆಯ ವಿಡಿಯೋ ಕಾರ್ಡಿನಲ್ಲೋ ಪೆಟ್ಟಿಗೆಯಲ್ಲೋ ಇದೆಯಾ ನೋಡಿ. ಇಲ್ಲದಿದ್ದರೆ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ವಾಪಸ್ ಕೊಡಿ.

ಮನೆಯಲ್ಲೇ ಇಡುವುದರಲ್ಲೂ ತೊಂದರೆ ಇದೆ, ಅದನ್ನು ಮುಚ್ಚಿಡಬಾರದು. ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಬಹುದು. ಟಿವಿ ಪಕ್ಕ ಲೈಟ್ ಮಿನುಗಿಸುತ್ತಾ ಇಡಬೇಡಿ. ಅಟ್ಟದಲ್ಲೋ ಬೀಗದ ಕಪಾಟಿನಲ್ಲೋ ಗಾಳಿಯಾಡುವಂತೆ ಇಡಿ. ಗೇಟಿನ ಒಂದು ಕ್ಯಾಮೆರಾಕ್ಕೆ ಮಾತ್ರ ಕ್ಲೌಡ್ ಚಂದಾ ಕಟ್ಟುವುದನ್ನು ನಾನು ತಪ್ಪು ಅನ್ನುವುದಿಲ್ಲ. ಕರೆಂಟ್ ಹೋದರೆ ಎಲ್ಲವೂ ನಿಲ್ಲುತ್ತದೆ. ಮಳೆಗಾಲದ ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಕ್ಯಾಮೆರಾ, ಪೆಟ್ಟಿಗೆ, ರೂಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ. ಪಾಸ್‌ವರ್ಡ್ ಬದಲಾಯಿಸದೆ ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾಗಳಿಗೂ ಡಿವಿಆರ್ ಎಂಬ ರೆಕಾರ್ಡಿಂಗ್ ಪೆಟ್ಟಿಗೆಗಳಿಗೂ ನುಗ್ಗಿತ್ತು.

ಹಳ್ಳಿಮನೆಗಳಲ್ಲಿ ಇನ್ನೊಂದು ಕಾಟ ಜೇಡದ್ದು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಹತ್ತಿರ ಹುಳ ಸೇರುತ್ತವೆ, ಹುಳ ತಿನ್ನಲು ಜೇಡ ಬಂದು ಲೆನ್ಸಿನ ಎದುರೇ ಬಲೆ ಕಟ್ಟುತ್ತದೆ. ಗಾಳಿಗೆ ಆ ಎಳೆ ಬೆಳ್ಳಗೆ ಹೊಳೆದು ಅಲುಗಾಡುತ್ತದೆ. ರಾತ್ರಿಯಿಡೀ ಮೊಬೈಲಿಗೆ ಯಾರೋ ಬಂದರು ಎಂಬ ಸೂಚನೆ. ಬೇಸತ್ತು ಮನೆಯವರು ಸೂಚನೆಯನ್ನೇ ಆಫ್ ಮಾಡುತ್ತಾರೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಳ್ಳತನ ಆಗಿಯೇ ಹೋದರೆ ಮೊದಲು ಆ ಹೊತ್ತಿನ ವಿಡಿಯೋವನ್ನು ಪೆನ್‌ಡ್ರೈವಿಗೆ ತೆಗೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಹಿ ಹಾಕುವವರು ಸಾಧನ ಯಾರ ವಶದಲ್ಲಿದೆಯೋ ಅವರು. ಪೆಟ್ಟಿಗೆ ಮನೆಯಲ್ಲಿದ್ದರೆ ಅದು ನೀವೇ. ಪೆಟ್ಟಿಗೆಯ ಗಡಿಯಾರ ಸರಿಯಿದೆಯಾ ಇವತ್ತೇ ನೋಡಿ. ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಎಲ್ಲೆಲ್ಲಿಗೋ ಹೋಗಿರುತ್ತದೆ. ಮತ್ತೆ, ಪೊಲೀಸರಿಗೆ ಹೇಳಲು ನಾಳೆ ನಾಡಿದ್ದು ಎನ್ನಬೇಡಿ. ಹನ್ನೊಂದು ದಿನದ ಡಿಸ್ಕು ಹನ್ನೆರಡನೇ ದಿನ ಆ ರಾತ್ರಿಯ ಮೇಲೇ ಬರೆದಿರುತ್ತದೆ.

ನಮಸ್ಕಾರ.