ಮೊದಲ ವೆಲ್ಡಿಂಗ್ ಮೆಷಿನ್ ತರುವ ಮುಂಚೆ

ಎಲ್ಲರಿಗೂ ನಮಸ್ಕಾರ. ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯ ಅಂತ ಎಲ್ಲೆಲ್ಲಿಂದಲೋ ಬಂದಿದ್ದೀರಿ. ಭಾನುವಾರದ ತೋಟದ ಕೆಲಸ ಬಿಟ್ಟು ಬಂದವರೂ ಇದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ: ಮನೆಯಲ್ಲೇ ರ‍್ಯಾಲಿ ಕಾರು ಕಟ್ಟಲು ಹೊರಟವರು ಮೊದಲ ವೆಲ್ಡಿಂಗ್ ಮೆಷಿನ್ ಹೇಗೆ ಆರಿಸಬೇಕು.

ಮೊದಲು ಈ ಕಬ್ಬಿಣದ ತುಂಡನ್ನು ನೋಡಿ. ಕೈಯಿಂದ ಕೈಗೆ ದಾಟಿಸಿ. ಅಂಚು ಚೂಪಾಗಿದೆ, ಜಾಗ್ರತೆ. ಇದು ನಾನು ಕಟ್ಟಿದ ಮೊದಲ ರೋಲ್ ಕೇಜಿನ ಪಾದ. ರೋಲ್ ಕೇಜ್ ಅಂದರೆ ಕಾರು ಮಗುಚಿದರೂ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ. ಮೇಲಿನಿಂದ ನೋಡಿದರೆ ಬೆಸುಗೆಯ ಗೆರೆ ಎಷ್ಟು ಚೆಂದ ಇದೆ ಅಲ್ವಾ? ಒಂದರ ಮೇಲೊಂದು ನಾಣ್ಯ ಜೋಡಿಸಿದ ಹಾಗೆ. ಈಗ ತಿರುಗಿಸಿ, ಗರಗಸದಲ್ಲಿ ಕೊಯ್ದ ಬದಿ ನೋಡಿ. ಬೆಸುಗೆಗೂ ಕೆಳಗಿನ ಪ್ಲೇಟಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಪೈಪಿಗೆ ಅದು ಸರಿಯಾಗಿ ಹಿಡಿದಿದೆ. ಪ್ಲೇಟಿನ ಮೇಲೆ ಮಾತ್ರ ಸುಮ್ನೆ ಕೂತಿದೆ. ಕೇಜನ್ನು ಕಾರಿನೊಳಗೆ ಕೂರಿಸುವಾಗ ಸ್ವಲ್ಪ ಓರೆಯಾಗಿತ್ತು. ಸುತ್ತಿಗೆಯಲ್ಲಿ ಬಡಿದೆ. ಎರಡನೇ ಪೆಟ್ಟಿಗೆ ಪಾದ ಕಳಚಿ ನೆಲಕ್ಕೆ ಬಿತ್ತು.

ಕೊಟ್ಟಿಗೆಯಲ್ಲಿ ಬಿತ್ತು, ಟ್ರ್ಯಾಕಿನಲ್ಲಿ ಬೀಳಲಿಲ್ಲ. ಆ ದಿನ ನಾನು ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಆ ಕಾರನ್ನು ಓಡಿಸಬೇಕಾಗಿದ್ದವನು ನನ್ನ ತಮ್ಮ.

ಯಾಕೆ ಹಾಗಾಯ್ತು? ಮೆಷಿನ್ ಕೆಟ್ಟದ್ದಿರಲಿಲ್ಲ. ಮನೆಯ ಮೀಟರಿನಿಂದ ಕೊಟ್ಟಿಗೆಗೆ 30 ಮೀಟರ್ ದೂರ. ಎಳೆದಿದ್ದದ್ದು ಲೈಟಿಗೆ ಹಾಕುವ 1.5 ಸ್ಕ್ವೇರ್ ಎಂಎಂ ವಯರ್. ಸಂಜೆ ಏಳರ ಹೊತ್ತು, ಊರಿಗೆಲ್ಲ ಕರೆಂಟ್ ಮಂದ. ಪ್ಲೇಟಿನ ಮೇಲಿನ ನೀಲಿಗಪ್ಪು ಪೊರೆಯನ್ನು ಗ್ರೈಂಡರಿನಲ್ಲಿ ತೆಗೆದಿರಲಿಲ್ಲ. ಆಂಪಿಯರ್ ಇಟ್ಟದ್ದು ಪೈಪಿನ ದಪ್ಪಕ್ಕೆ, ಪ್ಲೇಟಿನ ದಪ್ಪಕ್ಕಲ್ಲ. ಆ ದಿನ ಅಂಗಡಿಯಲ್ಲಿದ್ದ ಅತಿ ದುಬಾರಿ ಮೆಷಿನ್ ನನ್ನ ಕೈಯಲ್ಲಿದ್ದರೂ ಹೆಚ್ಚು ಕಡಿಮೆ ಇದೇ ಆಗುತ್ತಿತ್ತು.

ಅದಕ್ಕೇ, "ಯಾವ ಕಂಪೆನಿಯದ್ದು ತಗೊಳ್ಳಲಿ ಅಣ್ಣ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ದಪ್ಪದ ಕಬ್ಬಿಣ ಸೇರಿಸಬೇಕು? ನಿನ್ನ ಪ್ಲಗ್ಗಿನಲ್ಲಿ ಎಷ್ಟು ಕರೆಂಟ್ ಸಿಗುತ್ತದೆ? ಎಲ್ಲಿ ಕೂತು ಕೆಲಸ ಮಾಡುತ್ತೀ? ಮೂರಕ್ಕೂ ಉತ್ತರ ಸಿಕ್ಕಿದರೆ ಮೆಷಿನ್ ಯಾವುದು ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾದ ಹಾಗೆಯೇ.

ದಪ್ಪದ ಲೆಕ್ಕ ನೋಡೋಣ. ಕಾರಿನ ಬಾಡಿ ತಗಡು 0.7, 0.8 ಮಿಲಿಮೀಟರ್. ಕೇಜಿನ ಪೈಪ್ 2ರಿಂದ 2.5. ಪಾದದ ಪ್ಲೇಟ್ 3. ಸಸ್ಪೆನ್ಷನ್ ಬ್ರಾಕೆಟ್ 4, 5. ಕಬ್ಬಿಣದಲ್ಲಿ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಅಂತ ನೆನಪಿಟ್ಟುಕೊಳ್ಳಿ. ಹಾಗಾದರೆ 2.5ರ ಪೈಪಿಗೆ 100, ನಾಲ್ಕರ ಬ್ರಾಕೆಟಿಗೆ 160. ಅಂದರೆ 200 ಆಂಪಿಯರಿನ ಮೆಷಿನ್ ನಿಮಗೆ ಧಾರಾಳ. 250, 300 ಅಂತ ಆಸೆ ಹುಟ್ಟಿಸುವವರಿದ್ದಾರೆ, ಆ ದುಡ್ಡು ಉಳಿಸಿ. ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ: ಮೆಷಿನ್ ಎಷ್ಟು ಕೆಳಗೆ ಇಳಿಯುತ್ತದೆ? ತಗಡಿಗೆ 30, 40 ಆಂಪಿಯರ್ ಸಾಕು. ಕೆಲವು ಅಗ್ಗದ ಮೆಷಿನ್ 50ರ ಕೆಳಗೆ ಸ್ಥಿರವಾಗಿ ನಿಲ್ಲುವುದೇ ಇಲ್ಲ, ತಗಡು ತೂತಾಗುತ್ತದೆ. ಅಂಗಡಿಯಲ್ಲಿ ಅತಿ ಕಡಿಮೆಯಲ್ಲಿಟ್ಟು ಒಂದು ತಗಡಿನ ಮೇಲೆ ಹೊಡೆದು ನೋಡಿಯೇ ದುಡ್ಡು ಕೊಡಿ.

ಡಬ್ಬದ ಮೇಲೆ ದೊಡ್ಡದಾಗಿ ಬರೆದ 200 ಅನ್ನುವ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಮೆಷಿನ್ನಿನ ಹಿಂದೆ ಅಥವಾ ಬದಿಯಲ್ಲಿ ಒಂದು ಚಿಕ್ಕ ಫಲಕ ಇರುತ್ತದೆ, ಅದರಲ್ಲಿ ಡ್ಯೂಟಿ ಸೈಕಲ್ ಬರೆದಿರುತ್ತಾರೆ. 200ಕ್ಕೆ 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಹೊಡೆಯಬಹುದು, ನಾಲ್ಕು ನಿಮಿಷ ತಣಿಯಲು ಬಿಡಬೇಕು. 20 ಪರ್ಸೆಂಟ್ ಅಂದರೆ ಎರಡೇ ನಿಮಿಷ. ಕೇಜ್ ಕೆಲಸದಲ್ಲಿ ಒಂದು ಜಾಯಿಂಟ್ ಹೊಡೆದು, ಮಗ್ಗುಲು ಬದಲಿಸಿ, ಇನ್ನೊಂದಕ್ಕೆ ಹೋಗುವಾಗ ಹೇಗೂ ಬಿಡುವು ಸಿಗುತ್ತದೆ. ಆದ್ದರಿಂದ 100, 120 ಆಂಪಿಯರಿಗೆ 60 ಪರ್ಸೆಂಟ್ ಕೊಡುವ ಮೆಷಿನ್ ಮನೆಗೆ ಸಾಕು.

ಇನ್ನು ಕರೆಂಟ್. ನಮ್ಮ ಕಡೆಯ ಮನೆಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಇನ್ವರ್ಟರ್ ಮೆಷಿನ್ (ಹಗುರ ಎಲೆಕ್ಟ್ರಾನಿಕ್ ವೆಲ್ಡಿಂಗ್ ಮೆಷಿನ್, ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ) 100 ಆಂಪಿಯರ್ ಬೆಸುಗೆ ಕೊಡಲು ಗೋಡೆಯಿಂದ ಸುಮಾರು 15 ಆಂಪಿಯರ್ ಎಳೆಯುತ್ತದೆ. 160 ಕೊಡಲು 25ರ ಮೇಲೆ. ಗ್ರೈಂಡರಿಗೆ ಬಳಸುವ 16 ಆಂಪಿಯರಿನ ಪ್ಲಗ್ ಅಲ್ಲಿಗೆ ಸೋತಿತು. ನನ್ನ ಹಳೆಯ ವಯರಿನ ಲೆಕ್ಕ ಆಮೇಲೆ ಹಾಕಿ ನೋಡಿದೆ. 30 ಮೀಟರ್ ಹೋಗಿ ಬರುವ 1.5ರ ವಯರಿನಲ್ಲಿ 20 ಆಂಪಿಯರ್ ಹರಿದರೆ ಹತ್ತಿರ ಹತ್ತಿರ 15 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ವಯರ್ ಬಿಸಿಯಾಗುತ್ತದೆ, ಬೆಸುಗೆ ತಣ್ಣಗಾಗುತ್ತದೆ. ಮೀಟರಿನಿಂದ ಬೇರೆಯೇ ಒಂದು ಲೈನ್ ಎಳೆಸಿ, 6 ಸ್ಕ್ವೇರ್ ಎಂಎಂ ತಾಮ್ರದ ವಯರ್, 32 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಕಡಿಯುವ ಸ್ವಿಚ್ಚು), ಒಳ್ಳೆಯ ಅರ್ಥಿಂಗ್. ಲೈಸೆನ್ಸ್ ಇರುವ ವಯರ್‌ಮನ್ ಕೈಯಲ್ಲೇ ಮಾಡಿಸಿ. ಈ ಖರ್ಚನ್ನೂ ಮೆಷಿನ್ನಿನ ಖರ್ಚಿನಲ್ಲೇ ಸೇರಿಸಿ. ತೋಟದ ಪಂಪಿಗೆ ತ್ರೀ ಫೇಸ್ ಇದೆಯಲ್ಲ ಅಂತ ಅದರಿಂದ ಎಳೆಯಬೇಡಿ. ಅದು ಕೃಷಿಗೆ ಅಂತ ಕೊಟ್ಟ ಕರೆಂಟ್.

ಮೂರನೆಯದು ಜಾಗ. ನಮ್ಮಲ್ಲಿ ಜಾಸ್ತಿ ಜನರ ವರ್ಕ್‌ಶಾಪ್ ಅಂದರೆ ಅಡಿಕೆ ಒಣಗಿಸುವ ಅಂಗಳ, ಇಲ್ಲವೇ ಮೂರು ಬದಿ ತೆರೆದ ಶೀಟಿನ ಮಾಡು. ಮಧ್ಯಾಹ್ನ ಕಳೆದರೆ ಕಡಲ ಗಾಳಿ. ಮಿಗ್ ಅಂದರೆ ಗನ್ನಿನಿಂದ ಸಣ್ಣ ವಯರ್ ತಾನಾಗಿ ಬಂದು ಕರಗುವ ವೆಲ್ಡಿಂಗ್. ಅದರಲ್ಲಿ ಕಾದ ಲೋಹದ ಸುತ್ತ ಗ್ಯಾಸ್ ಆವರಿಸಿರಬೇಕು. ಗಾಳಿ ಅದನ್ನು ಹೊತ್ತೊಯ್ದರೆ ಬೆಸುಗೆ ನೀರುದೋಸೆಯ ಹಾಗೆ ತೂತು ತೂತು. ದೋಸೆಗೆ ಅದು ಚೆಂದ, ಕೇಜಿಗಲ್ಲ. ಎರಡು ಬದಿಗೆ ಟಾರ್ಪಾಲು ಕಟ್ಟಿ, ಬೆಳಿಗ್ಗೆ ಕೆಲಸ ಮುಗಿಸಿ. ಮಳೆಗಾಲ ಇನ್ನೊಂದು ಕಷ್ಟ. ಉಪ್ಪು ಗಾಳಿ, ಒದ್ದೆ, ಮಿಗ್ ವಯರಿಗೆ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಸಂಜೆ ಸ್ಪೂಲ್ (ವಯರಿನ ಸುರುಳಿ) ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿಡಿ. ಮೊದಲ ಸಲಕ್ಕೆ 5 ಕೆಜಿ ಸ್ಪೂಲ್ ಸಾಕು ಅನ್ನುವುದು ಇದಕ್ಕೇ.

ಈಗ ಯಾವ ಜಾತಿಯ ಮೆಷಿನ್ ಅನ್ನುವುದಕ್ಕೆ ಬರೋಣ.

ರಾಡಿನ ಆರ್ಕ್ ವೆಲ್ಡಿಂಗ್ ಎಲ್ಲರಿಗೂ ಗೊತ್ತು. ಗೇಟು, ಗ್ರಿಲ್ಲು, ಟ್ರೈಲರ್, ಎಲ್ಲ ಅದರಲ್ಲೇ. ಅಗ್ಗ, ಗಾಳಿಗೆ ಹೆದರುವುದಿಲ್ಲ, ಸಿಲಿಂಡರ್ ಬೇಡ. ನಾನು ಕೆಲಸ ಕಲಿತದ್ದೇ 6013 ಅನ್ನುವ ಸಾಮಾನ್ಯ ರಾಡಿನಲ್ಲಿ, ಅದರ ಮೇಲೆ ನನಗೆ ಗೌರವ ಇದೆ. ಆದರೆ 0.8ರ ತಗಡಿಗೆ ಅದು ಕಷ್ಟ. ಕೇಜಿನ ಪೈಪುಗಳು ಸೇರುವ ಇಕ್ಕಟ್ಟಿನ ಮೂಲೆಗೆ ಅಷ್ಟುದ್ದದ ರಾಡ್ ತೂರಿಸುವುದೂ ಕಷ್ಟ, ನಿಂತಲ್ಲಿ ಸ್ಲ್ಯಾಗ್ (ರಾಡಿನ ಲೇಪ ಕರಗಿ ಆಗುವ ಕಿಟ್ಟ) ಒಳಗೇ ಸಿಕ್ಕಿಕೊಳ್ಳುತ್ತದೆ.

ಟಿಗ್ ಅಂದರೆ ಕರಗದ ಟಂಗ್‌ಸ್ಟನ್ ಮೊನೆಯಲ್ಲಿ ಆರ್ಕ್ ಹುಟ್ಟಿಸಿ, ಇನ್ನೊಂದು ಕೈಯಲ್ಲಿ ತಂತಿ ಕೊಡುವ ವೆಲ್ಡಿಂಗ್. ತುಂಬ ಸುಂದರ ಕೆಲಸ. ಶುದ್ಧ ಆರ್ಗಾನ್ ಬೇಕು, ಕನ್ನಡಿಯಂತೆ ತೊಳೆದ ಲೋಹ ಬೇಕು, ಎರಡೂ ಕೈಗೆ ಒಟ್ಟಿಗೆ ಕೆಲಸ. ಅಲ್ಯುಮಿನಿಯಮ್ ಹೊಡೆಯಬೇಕಾದರೆ ಎಸಿ ಕರೆಂಟ್ ಕೊಡುವ ಟಿಗ್ ಬೇಕು, ಅದರ ಬೆಲೆ ಬೇರೆಯೇ. ಎರಡನೇ ಮೆಷಿನ್ನಾಗಿ ತನ್ನಿ.

ಮೊದಲನೆಯದು ಸಿಂಗಲ್ ಫೇಸ್ ಮಿಗ್, 180ರಿಂದ 200 ಆಂಪಿಯರ್, ಗ್ಯಾಸ್ ಹಾಕುವಂಥದ್ದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಒಳಗೆ ಪುಡಿ ತುಂಬಿದ, ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವಯರ್ ಅಂತಲೂ ಬರುತ್ತದೆ. ಗಾಳಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಆದರೆ ತೆಳು ತಗಡಿಗೆ ಬಿಸಿ ಜಾಸ್ತಿ, ಹೊಗೆಯೂ ಜಾಸ್ತಿ. ಹಾಕುವುದಾದರೆ ಮೆಷಿನ್ನೊಳಗಿನ ಪ್ಲಸ್ ಮೈನಸ್ ಅದಲು ಬದಲು ಮಾಡಬೇಕು. ಇದನ್ನು ಮರೆತು ಮೆಷಿನ್ನಿಗೆ ಬೈಯುವವರನ್ನು ನೋಡಿದ್ದೇನೆ.

ಕೊಳ್ಳುವಾಗ ಗನ್ ಕಳಚಿ ಬೇರೆಯದು ಹಾಕಲು ಬರುತ್ತದೆಯೋ ನೋಡಿ. ಯೂರೋ ಕನೆಕ್ಟರ್ ಇದ್ದರೆ ಟಿಪ್ಪು, ನಾಝಲ್ಲು ಎಲ್ಲಾದರೂ ಸಿಗುತ್ತದೆ. 0.8ರ ವಯರ್ ಸಾಕು, ಇಆರ್70ಎಸ್-6 ಅಂತ ಕೇಳಿ, ಅದು ಸಾಮಾನ್ಯ ಕಬ್ಬಿಣಕ್ಕೆ ಹಾಕುವ ವಯರಿನ ದರ್ಜೆ. ಮುಖ್ಯವಾಗಿ, ಮೆಷಿನ್ನಿಗೆ ಅಡ್ವಾನ್ಸ್ ಕೊಡುವ ಮೊದಲು ಸಿಲಿಂಡರ್ ಎಲ್ಲಿ ಸಿಗುತ್ತದೆ, ಡಿಪಾಸಿಟ್ ಎಷ್ಟು, ತುಂಬಿಸಲು ಎಷ್ಟು ದೂರ ಅಂತ ವಿಚಾರಿಸಿ. ಪ್ರತಿ ಸಲ ಮಂಗಳೂರಿಗೆ ಹೋಗಿ ಬರುವುದಾದರೆ ಆ ಖರ್ಚೂ ಲೆಕ್ಕಕ್ಕೆ ಬರಬೇಕು. ಬರೀ ಸಿಒ2 ಅಗ್ಗ, ಆಳಕ್ಕೆ ಇಳಿಯುತ್ತದೆ, ಕಿಡಿ ಸಿಡಿತ ಜಾಸ್ತಿ. 80 ಆರ್ಗಾನ್, 20 ಸಿಒ2 ಮಿಶ್ರಣ ತಗಡಿಗೆ ಮೆದು. ದುಡ್ಡು ಕಡಿಮೆ ಇದ್ದರೆ ಸಿಒ2ನಲ್ಲೇ ಶುರು ಮಾಡಿ. ಸಿಲಿಂಡರನ್ನು ಮುಚ್ಚಿದ ಕಾರಿನೊಳಗೆ ತರಬೇಡಿ. ಪಿಕಪ್ಪಿನಲ್ಲಿ ನಿಲ್ಲಿಸಿ, ಕ್ಯಾಪ್ ಹಾಕಿ, ಬಿಗಿಯಾಗಿ ಕಟ್ಟಿ.

ಕೈಯಲ್ಲಿ 40 ಸಾವಿರ ಇದೆ ಅಂತ ಇಟ್ಟುಕೊಳ್ಳಿ. ಮೆಷಿನ್ನಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದರಲ್ಲಿ ಲೈನು, ಗ್ಯಾಸು, ಗ್ರೈಂಡರ್, ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಗ್ಲೌಸ್, ಮತ್ತೆ ಕಲಿಯಲು ಗುಜರಿಯಿಂದ ತಂದ ಪೈಪು ತಗಡು. ಹೆಲ್ಮೆಟಿನಲ್ಲಿ ಉಳಿಸಲು ಹೋಗಬೇಡಿ. "ಟ್ಯಾಕ್ (ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ) ಒಂದೇ ಅಲ್ವಾ" ಅಂತ ಕಣ್ಣು ಮುಚ್ಚಿ ಹೊಡೆದವರಿಗೆ ನಡುರಾತ್ರಿ ಕಣ್ಣಲ್ಲಿ ಮರಳು ಹೊಯ್ದ ಹಾಗೆ ಉರಿಯುತ್ತದೆ.

ಕೇಜಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತಗೊಳ್ಳುತ್ತೇನೆ. ಮೋಟರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಪೈಪ್ ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದರೆ ತಣ್ಣಗೆ ಎಳೆದು ಮಾಡಿದ, ಜೋಡಣೆ ಇಲ್ಲದ್ದು ಆಗಿರಬೇಕು. ಡ್ರೈವರ್ ಹಿಂದಿನ ದೊಡ್ಡ ಕಮಾನಿಗೆ, ಅಂದರೆ ಮೇನ್ ಹೂಪಿಗೆ, ಕನಿಷ್ಠ 45 ಮಿಲಿಮೀಟರ್ ಅಗಲ 2.5 ದಪ್ಪ, ಇಲ್ಲವೇ 50ಕ್ಕೆ 2. ಉಳಿದವಕ್ಕೆ 38ಕ್ಕೆ 2.5, ಇಲ್ಲವೇ 40ಕ್ಕೆ 2. ಪಾದ ಕೂರುವಲ್ಲಿ ಕಾರಿನ ಬಾಡಿಯ ಮೇಲೆ ಹಾಕುವ ಬಲದ ಪ್ಲೇಟ್ ಕನಿಷ್ಠ 3 ಮಿಲಿಮೀಟರ್ ದಪ್ಪ, 120 ಚದರ ಸೆಂಟಿಮೀಟರ್ ಇರಬೇಕು. ಬೆಸುಗೆ ಪೈಪಿನ ಸುತ್ತ ಪೂರ್ತಿ ಬರಬೇಕು. ನೀರಿನ ಜಿಐ ಪೈಪ್ ಬಗ್ಗಿಸಿ ಕೇಜ್ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಉದ್ದಕ್ಕೂ ಜೋಡಣೆ ಇದೆ, ಮೇಲಿನ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಕಾರಿನ ಮಾಡಿನ ಹತ್ತಿರದ ಜಾಯಿಂಟ್ ನೋಡಿ. ಕೇಜ್ ಮೇಲೆ ತಗಡು, ನಡುವೆ ಎರಡು ಬೆರಳಿನ ಜಾಗ. ಗನ್ ಹೋಗುವುದಿಲ್ಲ. ಅದಕ್ಕೆ ಅನುಭವಸ್ಥರು ಕಾರಿನ ನೆಲಕ್ಕೆ ತೂತು ಕೊರೆದು ಇಡೀ ಕೇಜನ್ನು ಕೆಳಕ್ಕಿಳಿಸಿ, ಮೇಲ್ಭಾಗ ಹೊಡೆದು, ಮತ್ತೆ ಎತ್ತಿ ಪಾದ ಕೂರಿಸುತ್ತಾರೆ. ಇಷ್ಟು ತಾಳ್ಮೆ ಬೇಕಾದ ಕೆಲಸ ಇದು. ಹಾಗಾಗಿ ಮೊದಲ ಕಾರಿನಲ್ಲಿ ಪೈಪ್ ಕೊಯ್ಯುವುದು, ಮೂತಿ ಹೊಂದಿಸುವುದು, ಟ್ಯಾಕ್ ಹಾಕುವುದು ನೀವು ಮಾಡಿ. ಪೂರ್ತಿ ಬೆಸುಗೆಯನ್ನು ಪಳಗಿದ ಕೈಗೆ ಕೊಡಿ. ಸೀಟಿನ ಬ್ರಾಕೆಟ್, ಸಂಪ್ ಗಾರ್ಡ್ (ಎಂಜಿನ್ ಅಡಿಯ ರಕ್ಷಣೆಯ ಪ್ಲೇಟ್), ಬ್ಯಾಟರಿ ಟ್ರೇ, ತುಕ್ಕು ತಿಂದ ನೆಲ, ಇವೆಲ್ಲ ನಿಮ್ಮ ಮೆಷಿನ್ನಿಗೆ ಮೊದಲ ವರ್ಷದ ಪಾಠ. ಭಾರತದ ಮೋಟರ್ ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐ ಒಪ್ಪಿಗೆಯ ರ‍್ಯಾಲಿಗೆ ಹೋಗುವುದಾದರೆ ಓಟಕ್ಕೆ ಮೊದಲು ಪರೀಕ್ಷಕರು ಕೇಜ್ ನೋಡುತ್ತಾರೆ. ಚಿಕ್ಕಮಗಳೂರಿನ ತನಕ ಕಾರು ಸಾಗಿಸಿ, ಅಲ್ಲಿ ಹಿಂದೆ ಕಳಿಸಿಕೊಳ್ಳಬೇಡಿ.

ದುಡ್ಡು ಕಡಿಮೆ ಇದೆ ಅಂತ ಬೇಜಾರಾಗಬೇಡಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಸಣ್ಣ ಜೇಬಿನವರೂ ರೇಸಿಗೆ ಬರಬೇಕು ಅನ್ನುವ ಕೆಲಸ ಅದು. ಮುಂದೆ ಫಾರ್ಮುಲಾ ಒನ್ ಓಡಿಸಿದ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟರ್ ಸ್ಪೀಡ್‌ವೇಗೆ ಅವರದ್ದೇ ಹೆಸರು.

ಕಾರಿನ ಮೇಲೆ ಕೈ ಇಡುವ ಮೊದಲು ಬ್ಯಾಟರಿ ಕಳಚಿ. ಅರ್ಥ್ ಕ್ಲಾಂಪನ್ನು ಬೆಸುಗೆಯ ಹತ್ತಿರವೇ, ಉಜ್ಜಿ ಹೊಳೆಯುವ ಕಬ್ಬಿಣಕ್ಕೆ ಹಾಕಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಸ್ಪ್ರೇ ಬ್ರೇಕ್ ಕ್ಲೀನರಿನಲ್ಲಿ ಒರೆಸಿದ ಕಬ್ಬಿಣಕ್ಕೆ ವೆಲ್ಡಿಂಗ್ ಹೊಡೆಯಬೇಡಿ. ಕೆಲವು ಕ್ಲೀನರಿನಲ್ಲಿ ಕ್ಲೋರಿನ್ ಇರುತ್ತದೆ, ಆರ್ಕಿನ ಬಿಸಿಗೆ ಅದು ವಿಷದ ಗ್ಯಾಸ್ ಆಗುತ್ತದೆ.

ಇನ್ನು ಹೊರಗೆ ಹೋಗೋಣ. ಅಂಗಳದ ಮೇಜಿನ ಮೇಲೆ 2.5ರ ಪೈಪು, 3ರ ಪ್ಲೇಟು ಇಟ್ಟಿದ್ದೇನೆ. ಒಬ್ಬೊಬ್ಬರೂ ಒಂದೊಂದು ಹೊಡೆಯಿರಿ. ಸದ್ದು ಕೇಳಿಸಿಕೊಳ್ಳಿ. ಒಗ್ಗರಣೆಯ ಸಾಸಿವೆ ಹಾಗೆ ಚಟಪಟ ಅಂದರೆ ವಯರ್ ವೇಗ ಸರಿಯಿಲ್ಲ. ಹಲಸಿನ ಹಪ್ಪಳ ಎಣ್ಣೆಗೆ ಬಿಟ್ಟಾಗಿನ ಹಾಗೆ ಒಂದೇ ಸಮ ಬಂದರೆ ಸರಿಯಾಗಿದೆ. ಹೊಡೆದದ್ದನ್ನು ಗರಗಸದಲ್ಲಿ ಕೊಯ್ಯುತ್ತೇವೆ, ವೈಸಿಗೆ ಹಾಕಿ ಸುತ್ತಿಗೆಯಲ್ಲಿ ಬಡಿಯುತ್ತೇವೆ. ಆ ಕಪ್ಪು ಗೆರೆ ಉಂಟೋ ಇಲ್ಲವೋ ನೀವೇ ನೋಡಿ. ಹನ್ನೊಂದು ಗಂಟೆ ಆಯ್ತು, ಬನ್ನಿ, ಗಾಳಿ ಏಳುವ ಮೊದಲು ಹೊಡೆದು ಮುಗಿಸೋಣ.