ಫ್ರೆಟ್ ಪಕ್ಕದ ಕೊಳೆ

ಎಲ್ರಿಗೂ ನಮಸ್ಕಾರ. ಇವತ್ತು ಗಿಟಾರ್ ಒರೆಸೋದ್ರ ಬಗ್ಗೆ ಒಂದಿಷ್ಟು ಮಾತಾಡ್ತೀನಿ.

ನಮ್ಮಣ್ಣ ನುಡಿಸ್ತಿದ್ದ ಗಿಟಾರೊಂದು ಹತ್ತು ವರ್ಷದಿಂದ ಅಟ್ಟದ ಮೇಲೆ ಇತ್ತು, ಹೋದ್ವರ್ಷ ಕೆಳಗಿಳಿಸ್ದೆ. ತಂತಿ ತುಕ್ಕು ಹಿಡ್ದಿತ್ತು, ಅದು ಬಿಡಿ, ಹೊಸದು ಹಾಕ್ಬಹುದು. ಫಿಂಗರ್‌ಬೋರ್ಡ್, ಅಂದ್ರೆ ತಂತಿ ಕೆಳಗಿರೋ ಬೆರಳೊತ್ತೋ ಹಲಗೆ, ನೋಡಿ ಬೇಜಾರಾಯ್ತು. ಅದ್ರ ಮೇಲೆ ಅಡ್ಡಡ್ಡಕ್ಕೆ ಕೂರಿಸಿರೋ ಲೋಹದ ಪಟ್ಟಿಗಳಿಗೆ ಫ್ರೆಟ್ ಅಂತಾರೆ. ಒಂದೊಂದು ಫ್ರೆಟ್ ಪಕ್ಕದಲ್ಲೂ ಬೂದು ಬಣ್ಣದ ಮೇಣದ ಥರ ಒಂದು ಪದರ, ಮೊದಲ ಮೂರು ಫ್ರೆಟ್ ಹತ್ರ ಅಂತೂ ಉಗುರಲ್ಲಿ ಕೆರೆದ್ರೆ ಸುರುಳಿ ಸುರುಳಿಯಾಗಿ ಬರೋ ಅಷ್ಟು ದಪ್ಪ. ಬೆವರು, ಬೆರಳಿನ ಜಿಡ್ಡು, ಸತ್ತ ಚರ್ಮ, ಧೂಳು ಎಲ್ಲಾ ಸೇರ್ಕೊಂಡು, ಬೆರಳು ಒತ್ತಿದಾಗೆಲ್ಲ ಚೂರು ಚೂರೇ ಮೂಲೆಗೆ ತಳ್ಳಿಸ್ಕೊಂಡು ಗಟ್ಟಿಯಾಗೋದೇ ಈ ಕೊಳೆ. ಫ್ರೆಟ್ ಮೇಲೆ ಹಸಿರು ಕಂಡ್ರೆ ಅದು ಕಿಲುಬು. ಸಾಮಾನ್ಯವಾಗಿ ಫ್ರೆಟ್‌ಗೆ ಬಳಸೋ ಲೋಹಕ್ಕೆ ನಿಕಲ್ ಸಿಲ್ವರ್ ಅಂತ ಹೆಸ್ರು, ಆದ್ರೆ ಅದ್ರಲ್ಲಿ ಬೆಳ್ಳಿ ಇರಲ್ಲ, ತಾಮ್ರ, ನಿಕಲ್, ಸತು ಇರತ್ತೆ, ತಾಮ್ರಾನೇ ಜಾಸ್ತಿ, ಹಾಗಾಗಿ ಬೆವರಿನ ಉಪ್ಪು ತಾಗ್ತಾ ತಾಗ್ತಾ ಹಳೇ ತಾಮ್ರದ ಪಾತ್ರೆ ಥರಾನೇ ಆಗತ್ತೆ.

ಕೈ ಹಾಕೋಕೆ ಮುಂಚೆ ಮರ ಯಾವ್ದು ಅಂತ ನೋಡ್ಕೊಳ್ಳಿ. ಕಂದು ಬಣ್ಣ ಇದ್ದು ಸಣ್ಣ ಸಣ್ಣ ಗೆರೆ ಥರ ರಂಧ್ರ ಕಂಡ್ರೆ ಬಹುಶಃ ರೋಸ್‌ವುಡ್. ಇಂಡಿಯನ್ ರೋಸ್‌ವುಡ್ ಅಂತ ಪ್ರಪಂಚದ ಗಿಟಾರ್‌ಗಳಲ್ಲೆಲ್ಲ ಕೂತಿರೋದು ನಾವು ಬೀಟೆ ಅಂತೀವಲ್ಲ, ಅದೇ ಮರ. ಕಪ್ಪಗೆ ನುಣ್ಣಗಿದ್ರೆ ಎಬೊನಿ ಇರ್ಬಹುದು. ಇವೆರಡಕ್ಕೂ ಸಾಮಾನ್ಯವಾಗಿ ಮೇಲೆ ವಾರ್ನಿಷ್ ಇರಲ್ಲ, ಮರ ಬರಿ ಮೈಯಲ್ಲಿ ಇರತ್ತೆ. ತಿಳಿ ಹಳದಿ ಬಣ್ಣದ ಮೇಪಲ್ ಆದ್ರೆ ಮೇಲೆ ಲ್ಯಾಕರ್ ಅನ್ನೋ ಹೊಳಪಿನ ಲೇಪ ಹೊಡೆದಿರ್ತಾರೆ, ಅದಕ್ಕೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು, ಎಣ್ಣೆ ಬೇಡ, ಉಕ್ಕಿನ ಸಣ್ಣ ಎಳೆಗಳ ಉಂಡೆ ಸ್ಟೀಲ್ ವುಲ್ ಅಂತೂ ಬೇಡ್ವೇ ಬೇಡ, ಹೊಳಪು ಹೋಗಿ ಮಸುಕಾಗಿಬಿಡತ್ತೆ. ನಾನು ಮುಂದೆ ಹೇಳೋದೆಲ್ಲ ಬರಿ ಮೈಯ ಮರಕ್ಕೆ.

ನನ್ನ ಮೊದಲನೇ ಗಿಟಾರ್‌ನ ನಾನು ಕೆಡಿಸಿದ್ದೀನಿ. ಪಾತ್ರೆ ತೊಳೆಯೋ ಸೋಪು ನೀರಲ್ಲಿ ಸ್ಪಂಜ್ ಅದ್ದಿ ಚೆನ್ನಾಗಿ ನೆನೆಸಿ ಉಜ್ಜಿದ್ದೆ, ಕೊಳೆ ಹೋಯ್ತು, ಖುಷಿನೂ ಆಯ್ತು, ಮಾರನೇ ದಿನ ನೋಡಿದ್ರೆ ಮರ ಬಿಳಚ್ಕೊಂಡು ಒರಟಾಗಿತ್ತು, ನಾರೆಲ್ಲ ಎದ್ದು ಬೆರಳಿಗೆ ಚುಚ್ತಿತ್ತು. ಫ್ರೆಟ್‌ಗಳು ಮರದಲ್ಲಿ ಕೊರೆದ ಸೀಳಿನೊಳಗೆ ಕೂತಿರತ್ವೆ, ಆ ಸೀಳಿಗೆ ನೀರಿಳಿದ್ರೆ ಮರ ಉಬ್ಬತ್ತೆ, ಒಣಗ್ವಾಗ ಕುಗ್ಗತ್ತೆ, ಫ್ರೆಟ್‌ನ ಹಿಡಿತ ಸಡಿಲ ಆಗ್ಬಹುದು. ಅದಕ್ಕೇ ನೀರಿನ ವಿಷಯದಲ್ಲಿ ಇಷ್ಟು ಹೆದರ್ತೀನಿ.

ಸರಿ, ತಂತಿ ಬಿಚ್ಚಿ. ಎಲ್ಲಾ ಆರೂ ಒಟ್ಟಿಗೆ ಬಿಚ್ಚಿದ್ರೆ ನೆಕ್, ಅಂದ್ರೆ ಗಿಟಾರ್‌ನ ಉದ್ದನೆ ಕತ್ತು, ಬಗ್ಗೋಗತ್ತೆ ಅಂತ ತುಂಬಾ ಜನ ಹೇಳ್ತಾರೆ. ಸ್ಟೀಲ್ ತಂತಿ ಗಿಟಾರ್‌ನಲ್ಲಿ ಆರೂ ಸೇರಿ ಸುಮಾರು 70 ಕೆಜಿ ಎಳೆತ ಇರತ್ತೆ, ಅದು ಒಂದೆರಡು ಗಂಟೆ ಇಲ್ದೇ ಇದ್ರೆ ನೆಕ್‌ಗೆ ಏನೂ ಆಗಲ್ಲ, ನಿಧಾನವಾಗಿ ಸಡಿಲ ಮಾಡಿ ಬಿಚ್ಚಿ ಅಷ್ಟೇ. ಆದ್ರೆ ತಂತಿನ ಹೊತ್ತಿರೋ ಬ್ರಿಡ್ಜ್ ಅನ್ನೋ ತುಂಡನ್ನ ಅಂಟಿಸದೆ, ಅದು ತಂತಿ ಒತ್ತಡದಲ್ಲೇ ನಿಂತಿರೋ ಗಿಟಾರ್‌ಗಳಿವೆ, ಸ್ವರ ಅಲುಗಿಸೋಕೆ ಸ್ಪ್ರಿಂಗ್ ಮೇಲೆ ತೇಲೋ ಟ್ರೆಮೊಲೊ ಇರೋವೂ ಇವೆ, ಅಂಥವುಕ್ಕೆ ಒಂದೊಂದೇ ತಂತಿ ಬಿಚ್ಚಿ ಹಾಕೋದು ಒಳ್ಳೇದು. ಎಲೆಕ್ಟ್ರಿಕ್ ಆದ್ರೆ ತಂತಿಯ ಕಂಪನ ಹಿಡಿಯೋ ಪಿಕಪ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದ್ರಲ್ಲಿ ಅಯಸ್ಕಾಂತ ಇರೋದ್ರಿಂದ ಸ್ಟೀಲ್ ವುಲ್ ಪುಡಿ ಎಲ್ಲಾ ಹೋಗಿ ಕಚ್ಕೊಳ್ಳತ್ತೆ, ಆಮೇಲೆ ತೆಗೆಯೋದು ಸುಲಭ ಅಲ್ಲ.

ಈಗ ಮುಖ್ಯವಾದ ಮಾತು. ಒಣ ಕೊಳೆನ ಕೆರೀಬೇಡಿ, ಮೊದ್ಲು ಮೆತ್ತಗೆ ಮಾಡಿ. ನಾನು ಮಿನರಲ್ ಆಯಿಲ್ ಎರಡು ಮೂರು ತೊಟ್ಟು ಬಟ್ಟೆಗೆ ಹಾಕಿ ಫ್ರೆಟ್ ಪಕ್ಕದಲ್ಲಿ ಸವರಿ ಐದ್ಹತ್ತು ನಿಮಿಷ ಬಿಡ್ತೀನಿ, ಜಿಡ್ಡಿಗೆ ಜಿಡ್ಡೇ ಔಷಧಿ, ಮೇಣದಂತಿದ್ದಿದ್ದು ಸಡಿಲ ಆಗತ್ತೆ. ಅಂಗಡೀಲಿ ಲೆಮನ್ ಆಯಿಲ್ ಅಂತ ಸಿಗೋದೂ ಹೆಚ್ಚಾಗಿ ಇದೇ ಮಿನರಲ್ ಆಯಿಲ್, ನಿಂಬೆ ವಾಸನೆ ಸೇರ್ಸಿರ್ತಾರೆ. ದಯವಿಟ್ಟು ಅದನ್ನ ಕೇಳಿ ಯಾರೂ ನಿಂಬೆಹಣ್ಣು ಹಿಂಡ್ಬೇಡಿ, ಅದು ಆಮ್ಲ, ಮರಕ್ಕೂ ಫ್ರೆಟ್‌ಗೂ ಒಳ್ಳೇದಲ್ಲ. ವಿನೆಗರ್ರೂ ಹಾಗೇ. ಅಡುಗೆ ಎಣ್ಣೆನೂ ಬೇಡ, ಮರದೊಳಗೆ ಕೂತು ಕಮಟು ಹಿಡಿಯತ್ತೆ.

ಮೆತ್ತಗಾದ್ಮೇಲೆ ಹಳೇ ಪ್ಲಾಸ್ಟಿಕ್ ಕಾರ್ಡ್ ಒಂದನ್ನ ಫ್ರೆಟ್‌ಗೆ ಒರಗಿಸಿ ಮೂಲೆಯುದ್ದಕ್ಕೂ ಮೆಲ್ಲಗೆ ತಳ್ಳಿ, ಕಾರ್ಡ್ ಲೋಹಕ್ಕಿಂತ ಮೆದು, ಮೆಲ್ಲಗೆ ತಳ್ಳಿದ್ರೆ ಗೀರು ಬೀಳಲ್ಲ, ಚಾಕು ಬ್ಲೇಡ್‌ಗೆ ಆ ದಯೆ ಇಲ್ಲ. ತುದಿಗಳಲ್ಲಿ ಮರದ ಟೂತ್‌ಪಿಕ್ ಅಥವಾ ಮೆತ್ತನೆ ಟೂತ್‌ಬ್ರಷ್. ಕೊಳೆ ಎದ್ದ ತಕ್ಷಣ ಬಟ್ಟೇಲಿ ತೆಗೀರಿ, ಇಲ್ದಿದ್ರೆ ಪಕ್ಕದ ರಂಧ್ರಕ್ಕೆ ಹೋಗಿ ಕೂತ್ಕೊಳ್ಳತ್ತೆ. ಇಷ್ಟಕ್ಕೂ ಬಿಡ್ದೇ ಇದ್ರೆ ಮಾತ್ರ ಸ್ಟೀಲ್ ವುಲ್, ಅದೂ ನಾಲ್ಕು ಸೊನ್ನೆ ನಂಬರಿಂದು, ಅತೀ ನವುರಾದದ್ದು. ಮರದ ನಾರಿನ ಜೊತೆಗೆ, ಅಂದ್ರೆ ನೆಕ್ ಉದ್ದಕ್ಕೇ ಉಜ್ಜಿ, ಅಡ್ಡಡ್ಡ ಉಜ್ಜಿದ್ರೆ ಗೀರೆಲ್ಲ ಎದ್ದು ಕಾಣತ್ತೆ. ಫ್ರೆಟ್‌ನ ಕಿಲುಬೂ ಅದೇ ಕೈಯಲ್ಲಿ ಹೋಗತ್ತೆ.

ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನಂಗೆ ತುಂಬಾ ತಡವಾಗಿ ಗೊತ್ತಾಯ್ತು. ಬಟ್ಟೆ ಪ್ರತಿ ಸಲ ಕಂದಾಗೇ ಬರ್ತಿರತ್ತೆ, ಇನ್ನೂ ಕೊಳೆ ಇದೆ ಅನ್ಕೊಂಡು ಉಜ್ತಾನೇ ಇರ್ತೀವಿ. ರೋಸ್‌ವುಡ್‌ಗೆ ತನ್ನದೇ ಬಣ್ಣ ಇದೆ, ಎಣ್ಣೆ ತಾಗಿದ್ರೆ ಅದೂ ಬಟ್ಟೆಗೆ ಹತ್ತತ್ತೆ, ಕೆಲವು ಕಪ್ಪು ಬೋರ್ಡ್‌ಗಳಿಗಂತೂ ಬಣ್ಣಾನೇ ಹಾಕಿರ್ತಾರೆ. ಕೊಳೆ ಆದ್ರೆ ಬಟ್ಟೆ ಮೇಲೆ ಅಂಟಂಟಾಗಿ ಗಂಟು ಗಂಟಾಗಿ ನಿಲ್ಲತ್ತೆ, ಮರದ ಬಣ್ಣ ಆದ್ರೆ ತೆಳ್ಳಗೆ ಒಂದೇ ಸಮ ಹರಡತ್ತೆ. ಎರಡನೇದು ಶುರುವಾದ್ರೆ ಬಟ್ಟೆ ಕೆಳಗಿಡಿ.

ಆಮೇಲೆ ಒಣಗಿದ ಹಾಗೆ ಕಾಣೋ ಕಡೆ ಎಣ್ಣೆ ಇನ್ನೊಂದೆರಡು ತೊಟ್ಟು, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸ್ಬಿಡಿ, ಬೆರಳಿಗೆ ಅಂಟೋ ಹಾಗೆ ಉಳೀಬಾರ್ದು. ವರ್ಷಕ್ಕೆ ಒಂದೋ ಎರಡೋ ಸಲ ಸಾಕು. ನುಡಿಸೋಕೆ ಮುಂಚೆ ಕೈ ತೊಳ್ಕೊಂಡ್ರೆ, ಆದ್ಮೇಲೆ ತಂತಿ ಕೆಳಗೆ ಒಂದು ಒಣ ಬಟ್ಟೆ ಎಳೆದ್ರೆ ಅಷ್ಟೂ ಬೇಕಾಗಲ್ಲ.

ಅಣ್ಣನ ಗಿಟಾರ್ ಕೊಳೆ ಹೋದ್ಮೇಲೆ ಒಂದು ಕಾಣಿಸ್ತು. ಎರಡನೇ ತಂತಿ ಕೆಳಗೆ, ಮೊದಲ ಫ್ರೆಟ್‌ನ ಹಿಂದೆ, ಮರದಲ್ಲಿ ಸಣ್ಣ ಗುಂಡಿ. ಸಿ ಅನ್ನೋ ಸ್ವರಗುಚ್ಛಕ್ಕೂ ಎ ಮೈನರ್‌ಗೂ ತೋರುಬೆರಳು ಬೀಳೋ ಜಾಗ ಅದು, ವರ್ಷಗಟ್ಟಲೆ ಉಗುರು ತಾಗಿ ಸವೆದಿದ್ದು. ಅಷ್ಟು ವರ್ಷ ಅದು ಕೊಳೆಯಿಂದ ತುಂಬ್ಕೊಂಡು ಸಮ ಆಗಿತ್ತು. ಮರಳು ಕಾಗದ ಹಾಕಿ ಸಮ ಮಾಡೋದು ಕಷ್ಟ ಏನಿರ್ಲಿಲ್ಲ, ಮಾಡ್ಲಿಲ್ಲ. ಹೊಸ ತಂತಿ ಹಾಕಿ ಶ್ರುತಿ ಮಾಡಿ ಇಟ್ಟಿದ್ದೆ. ಅಣ್ಣ ಬಂದ, ಗಿಟಾರ್ ತಗೊಂಡ, ಬೋರ್ಡ್ ಕಡೆ ನೋಡ್ಲೇ ಇಲ್ಲ, ಸಿ ಹಿಡ್ದ, ಬೆರಳು ಸೀದಾ ಅಲ್ಲೇ ಹೋಗಿ ಕೂತ್ಕೊಳ್ತು.